ಕೆಂಪು ದೀಪದ ಬೆಂಚು

ಕನ್ನಡಿಯೊಳಗೆ ಹಸಿರು ಚುಕ್ಕೆಯೊಂದು ಓಡಾಡುತ್ತಿತ್ತು. ಮೌನೇಶ ಗದ್ದವನ್ನು ರಬ್ಬರು ಪಟ್ಟಿಯ ಮೇಲೂರಿ, ತಲೆ ಅಲುಗಿಸದೆ, ಕಣ್ಣಿನಿಂದಷ್ಟೇ ಅದರ ಬೆನ್ನು ಹತ್ತಿದ್ದ. ಚುಕ್ಕೆ ಹಳದಿಯಾದಾಗಲೆಲ್ಲ ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಒತ್ತಿದ. ಚಹಾ ಆರುವಷ್ಟರಲ್ಲಿ ಪರೀಕ್ಷೆ ಮುಗಿಯಿತು. ಕನ್ನಡಿ ಮಂಕಾಗಿ, ಅದರ ನೆತ್ತಿಯ ಮೇಲಿನ ದೀಪ ಹೊತ್ತಿಕೊಂಡಿತು. ಕೆಂಪು.

ಹಿಂದೆ ಸಾಲಿನಲ್ಲಿ ನಿಂತಿದ್ದ ಬೆಳಗಿನ ಪಾಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೆ. ಮೌನೇಶ ಎದ್ದು ಹೋಗಿ ಗೋಡೆಯ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಕುಳಿತ. ಕೆಂಪು ದೀಪ ಬಂದವರು ಸುರಕ್ಷತಾಧಿಕಾರಿ ಬಂದು ವಿಚಾರಿಸುವವರೆಗೆ ಅಲ್ಲಿಯೇ ಕೂರಬೇಕು. ಗಣಿಗೆ ಹೋಗುವವರೂ ಬರುವವರೂ ಅವರನ್ನು ನೋಡಿಕೊಂಡೇ ಹೋಗಬೇಕು. ಬೆಂಚಿಗೆ ಯಾವ ಬಣ್ಣವನ್ನೂ ಬಳಿದಿರಲಿಲ್ಲ. ಆದರೂ ಹೊನ್ನಗುಂಡಿಯಲ್ಲಿ ಅದಕ್ಕೆ ಕೆಂಪು ಬೆಂಚು ಎಂದೇ ಹೆಸರು ಬಿದ್ದಿತ್ತು. ಐದಾರು ಜನ ಕೂರಬಹುದಾದ ಆ ಬೆಂಚಿನ ಮೇಲೆ ಈ ಮಳೆಗಾಲದಲ್ಲಿ ಕುಳಿತವನು ಮೌನೇಶನೊಬ್ಬನೇ. ಇದು ಮೂರನೆಯ ಸಲ.

ಸುರಕ್ಷತಾಧಿಕಾರಿ ನೀಲಾಂಬಿಕಾ ತನ್ನ ಕೋಣೆಯ ಗಾಜಿನ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಸಂಶಯಪಡುವುದೇ ಅವಳ ಉದ್ಯೋಗ, ಸಂಬಳ ಬರುತ್ತಿದ್ದುದೂ ಅದಕ್ಕೇ. ಸಂಬಳ ಕೊಡದಿದ್ದರೂ ಅವಳು ಆ ಕೆಲಸವನ್ನು ಬಿಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎನ್ನುವಳು. ನಗದಿದ್ದರೆ ಹೆಚ್ಚು ಬೆರೆಸಿದ್ದಾನೆ ಎನ್ನುವಳು. ಇಂಥವಳನ್ನು ಹುಡುಕಿ ಸುರಕ್ಷತಾ ವಿಭಾಗಕ್ಕೆ ಹಾಕಿದ ಕಂಪನಿಯ ಬುದ್ಧಿಯನ್ನು ಮೆಚ್ಚಲೇಬೇಕು.

ಈ ಮೌನೇಶ ಗಣಿಯ ವೈಂಡರ್ ಡ್ರೈವರ್. ರಾಯಚೂರು ಸೀಮೆಯ ಕಲ್ಲುನೆಲದಲ್ಲಿದ್ದ ಹೊನ್ನಗುಂಡಿ ಚಿನ್ನದ ಗಣಿಯಲ್ಲಿ ಆ ಹೊತ್ತಿಗೆ ಬಹುಪಾಲು ಕೆಲಸ ಯಂತ್ರಗಳ ಪಾಲಾಗಿತ್ತು. ಬಂಡೆ ಕೊರೆಯುವುದು, ಅದಿರು ತುಂಬುವುದು, ಮೇಲೆತ್ತುವುದು ಎಲ್ಲ ತಾವಾಗಿಯೇ ನಡೆಯುತ್ತಿದ್ದವು. ಆದರೆ ಆ ಯಂತ್ರಗಳ ಯೋಗಕ್ಷೇಮ ನೋಡಲು ಪ್ರತಿ ಪಾಳಿಯಲ್ಲೂ ಜನ ಕೆಳಗಿಳಿಯಲೇಬೇಕಿತ್ತು. ಅವರು ನಿಲ್ಲುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಾರೆ. ನೆಟ್ಟನೆ ಪಾತಾಳಕ್ಕಿಳಿದ ಬಾವಿಯಲ್ಲಿ ಉಕ್ಕಿನ ಹಗ್ಗದ ತುದಿಗೆ ಅದು ತೂಗುತ್ತಿರುತ್ತದೆ. ಆ ಹಗ್ಗವನ್ನು ಸುತ್ತಿ ಬಿಚ್ಚುವ ದೊಡ್ಡ ರಾಟೆಯ ಹೆಸರು ವೈಂಡರ್. ಕೇಜಿನಲ್ಲಿ ಮನುಷ್ಯರಿದ್ದರೆ ವೈಂಡರಿನ ಲಿವರಿನ ಮೇಲೆ ಮನುಷ್ಯನ ಕೈಯೇ ಇರಬೇಕು ಎಂದು ಕಾನೂನಿತ್ತು. ಆ ಕೈ ಒಂದು ಕ್ಷಣ ತಡವಾದರೆ ಕೇಜಿನಲ್ಲಿದ್ದವರ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಅಂಥವನು ಗಾಂಜಾ ಸೇದುತ್ತಾನೆ ಎಂಬ ಗುಮಾನಿ ಬಂದರೆ ಅದು ಊರಿನ ಹರಟೆಯಾಗಿ ಉಳಿಯುವುದಿಲ್ಲ.

ಮೌನೇಶನ ಮೇಲೆ ಗುಮಾನಿ ಬರಲು ಹಳೆಯ ಕಾರಣವೊಂದಿತ್ತು. ಕೆಲವು ವರ್ಷಗಳ ಹಿಂದೆ ಗಣಿಯಲ್ಲಿ ಮೂತ್ರ ಪರೀಕ್ಷೆ ನಡೆಯುತ್ತಿತ್ತು. ಮೌನೇಶ ಒಂದು ಅಮಾವಾಸ್ಯೆಯ ದಿನ ಗುರುವಿನ ಗದ್ದುಗೆಗೆ ಹೋಗಿ, ಹಿರಿಯರ ಜೊತೆ ಕೂತು ಒಂದೆರಡು ದಮ್ಮು ಎಳೆದು ಬಂದಿದ್ದ. ಅದಾಗಿ ಹುಣ್ಣಿಮೆಯೂ ಕಳೆದ ಮೇಲೆ ನಡೆದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಗಾಂಜಾದ ಸ್ವಭಾವವೇ ಹಾಗೆ. ಅದರ ಅಮಲು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಅದರ ಅಂಶ ಮಾತ್ರ ಮೈಯ ಕೊಬ್ಬಿನಲ್ಲಿ ಬಾಡಿಗೆ ಕೊಡದ ಬಿಡಾರದವನಂತೆ ವಾರಗಟ್ಟಲೆ ಕೂತಿರುತ್ತದೆ. ಮೂತ್ರಕ್ಕೆ ಹಳೆಯ ಸುದ್ದಿ ಗೊತ್ತು, ಈ ಹೊತ್ತಿನ ಸುದ್ದಿ ಗೊತ್ತಿಲ್ಲ. ಕಂಪನಿ ಅವನನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿತು. ಕಾರ್ಮಿಕ ಸಂಘ ಹೋರಾಡಿತು. ಅವತ್ತು ಲಿವರ್ ಹಿಡಿದಾಗ ಅವನು ಮಬ್ಬಾಗಿದ್ದನೋ ಇಲ್ಲವೋ ಅದನ್ನಷ್ಟೇ ಹೇಳಿ, ಮೂತ್ರದ ಕಥೆ ಬೇಡ ಎಂದು ಪಟ್ಟು ಹಿಡಿಯಿತು. ಆ ಗಲಾಟೆಯ ಫಲವಾಗಿಯೇ ಎಚ್ಚರಗನ್ನಡಿ ಹೊನ್ನಗುಂಡಿಗೆ ಬಂದದ್ದು.

ಎಚ್ಚರಗನ್ನಡಿಯನ್ನು ಕಂಡುಹಿಡಿದವರು ಮೈಸೂರಿನ ಡಾಕ್ಟರ್ ಸುಧನ್ವ. ತೆಳ್ಳಗೆ, ಮೆಲ್ಲಗೆ ಮಾತಾಡುವ ಮನುಷ್ಯ. ಕಣ್ಣು ಚುಕ್ಕೆಯ ಬೆನ್ನು ಹತ್ತುವ ರೀತಿ, ಕಣ್ಣಿನ ಪಾಪೆ ಹಿಗ್ಗಿ ಕುಗ್ಗುವ ವೇಗ, ಬೆರಳು ಗುಂಡಿ ಒತ್ತಲು ತೆಗೆದುಕೊಳ್ಳುವ ಹೊತ್ತು, ಇಷ್ಟನ್ನು ಸೇರಿಸಿ ಆ ಯಂತ್ರ ಮನುಷ್ಯನ ಎಚ್ಚರವನ್ನು ಅಳೆಯುತ್ತಿತ್ತು. ಎಲ್ಲರಿಗೂ ಒಂದೇ ಅಳತೆ ಅಲ್ಲ. ಒಬ್ಬ ಹುಟ್ಟಾ ನಿಧಾನಿ, ಇನ್ನೊಬ್ಬ ಚುರುಕು. ಆದ್ದರಿಂದ ಮೊದಲ ದಿನ ಪ್ರತಿಯೊಬ್ಬರನ್ನೂ ಕೂರಿಸಿ ಅವರವರ ಸಹಜ ಸ್ಥಿತಿಯನ್ನು ದಾಖಲಿಸಿಕೊಳ್ಳುತ್ತಿದ್ದರು. ಅದಕ್ಕೆ ಮೂಲಗೆರೆ ಎಂದು ಹೆಸರಿಟ್ಟಿದ್ದರು. ಮುಂದೆ ಯಾವ ದಿನ ಒಬ್ಬನ ಎಚ್ಚರ ಅವನದೇ ಮೂಲಗೆರೆಗಿಂತ ತೀರ ಕೆಳಗೆ ಇಳಿಯುತ್ತದೋ ಆ ದಿನ ಕೆಂಪು ದೀಪ.

"ರಕ್ತದಲ್ಲಿ ಏನಿದೆ ಅಂತ ಕೇಳೋದು ಪೊಲೀಸರ ಪ್ರಶ್ನೆ ಮೇಡಂ," ಎಂದು ಅವರು ಅವತ್ತು ನೀಲಾಂಬಿಕಾಗೆ ವಿವರಿಸಿದ್ದರು. "ಕಣ್ಣು ಕೈ ಹೇಗಿವೆ ಅನ್ನೋದು ನಮ್ಮ ಪ್ರಶ್ನೆ."

"ಹಂಗಾದ್ರ ಒಬ್ಬಾಂವ ಗಾಂಜಾ ಸೇದಿ ಬಂದ್ರೂ ಹಸಿರು ದೀಪ ಹತ್ತಬಹುದೇನ್ರಿ ಸರ್?"

"ಅವನು ನಿಜವಾಗಿ ಎಚ್ಚರವಾಗಿದ್ದರೆ ಹತ್ತಬಹುದು."

ಆ ಉತ್ತರ ಅವಳಿಗೆ ಹಿಡಿಸಿರಲಿಲ್ಲ. ಆದರೂ ಕೆಲಸದಲ್ಲಿ ಅವಳು ಹಿಂದೆ ಬೀಳುವವಳಲ್ಲ. ಅದಿರು ಅರೆಯುವ ಗಿರಣಿಯ ರಿಪೇರಿಗೆಂದು ಗಣಿ ನಿಂತಿದ್ದ ದಿನವೊಂದನ್ನು ಅವಳೇ ಗೊತ್ತುಮಾಡಿ, ಅಧಿಕಾರಿಗಳಿಂದ ಹಿಡಿದು ಕೂಲಿಯವರ ತನಕ ಎಲ್ಲರನ್ನೂ ಸಾಲಾಗಿ ಕೂರಿಸಿ ಮೂಲಗೆರೆ ಬರೆಸಿದ್ದಳು. ಸುಧನ್ವ ಒಬ್ಬೊಬ್ಬರನ್ನೂ ತಾವೇ ಕೇಳಿದ್ದರು, ನಿನ್ನೆಯಿಂದ ಈಚೆಗೆ ಮದ್ಯವನ್ನಾಗಲಿ ಮಾದಕ ವಸ್ತುವನ್ನಾಗಲಿ ಸೇವಿಸಿದ್ದೀರಾ ಎಂದು. ಎಲ್ಲರೂ ಇಲ್ಲ ಎಂದಿದ್ದರು. ನೀಲಾಂಬಿಕಾ ಉತ್ತರ ಕೊಡುವವರ ಕಣ್ಣುಗಳನ್ನೇ ನೋಡುತ್ತ ನಿಂತಿದ್ದಳು, ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದು ಅವಳಂಥ ಅವಳಿಗೂ ಅನ್ನಿಸಿತ್ತು.

ಈಗ ಬೆಂಚಿನ ಮೇಲಿದ್ದ ಮೌನೇಶನ ಎದುರು ನಿಂತು ಅವಳು ಏನು ತಗೊಂಡಿದ್ದೀರಿ ಎಂದು ನೇರವಾಗಿ ಕೇಳಿದಳು. ಮೂರು ಕೆಂಪು ದೀಪವೆಂದರೆ ವಿಚಾರಣೆ. ವಿಚಾರಣೆ ಎಂದರೆ ಡ್ರೈವರ್ ಲೈಸೆನ್ಸು ರದ್ದು. ವೈಂಡರ್ ಬಿಟ್ಟರೆ ಬೇರೆ ಕೆಲಸ ಬಾರದ, ನಡುವಯಸ್ಸು ದಾಟಿದ ಅವನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು.

"ನಾ ಏನೂ ಮುಟ್ಟಿಲ್ರಿ ಮೇಡಂ," ಎಂದ. "ಈಚಲ ಗಿಡದ ಕೆಳಗ ಕುಂತು ಮಜ್ಜಿಗಿ ಕುಡದಂಗ ಆಗ್ಯದ ನನ್ನ ಬಾಳೆ."

"ಮಜ್ಜಿಗಿ ಕುಡಿಯೋರು ಈಚಲ ಗಿಡದ ಕೆಳಗ ಯಾಕ ಕುಂದರಬೇಕು?" ಎಂದಳು ಅವಳು. ಅವನು ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದನ್ನೂ ಅವಳು ಲೆಕ್ಕಕ್ಕೆ ಹಿಡಿದಳು.

ವಿಚಾರಣೆಗೆ ಮುಂಚೆ ಸಾಕ್ಷಿ ಒದಗಿಸುವ ಹೊಣೆ ಅವಳದು. ಅವನ ಊಟದ ಡಬ್ಬಿಯಲ್ಲಿ ಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಹಸಿರು ಪುಡಿ. ಪೊಟ್ಟಣವನ್ನು ಮೊಹರು ಮಾಡಿ ರಾಯಚೂರಿನ ಪ್ರಯೋಗಾಲಯಕ್ಕೆ ಕಳಿಸಿದಳು. ನುಗ್ಗೆ ಎಲೆಯ ಚಟ್ನಿಪುಡಿ, ಉಪ್ಪು ತುಸು ಹೆಚ್ಚಾಗಿದೆ ಎಂದು ಉತ್ತರ ಬಂತು. ಬೀರುವಿನಲ್ಲಿ ಉಳಿದಿದ್ದ ಮೂತ್ರದಲ್ಲಿ ಅದ್ದುವ ಹಳೆಯ ಪರೀಕ್ಷಾ ಪಟ್ಟಿಯನ್ನು ಹುಡುಕಿ ತೆಗೆದು ಆ ಪರೀಕ್ಷೆಯನ್ನೂ ಮಾಡಿಸಿದಳು. ಗಾಂಜಾದ ಸುಳಿವೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ನೀಲಾಂಬಿಕಾಗೆ ಮಾತ್ರ ಇದರಿಂದ ಸಂಶಯ ಇನ್ನೂ ಬಲವಾಯಿತು. ಯಾವ ಪರೀಕ್ಷೆಗೂ ಸಿಕ್ಕದ ಹೊಸ ಮದ್ದೊಂದು ಊರಿಗೆ ಬಂದಿರಬೇಕು, ಅದರ ಮೊದಲ ಗಿರಾಕಿ ಇವನೇ ಇರಬೇಕು ಎಂದು ತೀರ್ಮಾನಿಸಿದಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಿಚಾರಣೆಯ ತನಕ ಕೆಲಸಕ್ಕೆ ಬರಬೇಡವೆಂದು ಮೌನೇಶನನ್ನು ಮನೆಗೆ ಕಳಿಸಿದ ಮೇಲೆ ಅವನ ಪಾಳಿಯನ್ನೂ ಹುಸೇನಪ್ಪನೇ ನೋಡಿಕೊಳ್ಳತೊಡಗಿದ. ಹುಸೇನಪ್ಪ ಇನ್ನೊಬ್ಬ ವೈಂಡರ್ ಡ್ರೈವರ್. ನಗುಮುಖದವನು, ಎಚ್ಚರಗನ್ನಡಿ ಬಂದ ದಿನದಿಂದ ಒಮ್ಮೆಯೂ ಕೆಂಪು ಕಾಣದವನು. ಅವನ ಹಸಿರು ದೀಪದ ಮೇಲೆ ನೀಲಾಂಬಿಕಾಗೆ ಎಷ್ಟು ನಂಬಿಕೆಯೆಂದರೆ ಅವನು ಕನ್ನಡಿಯ ಮುಂದೆ ಕೂತಾಗ ಅವಳು ಚಹಾ ಕುಡಿಯಲು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಪಂಪಿನ ತಪಾಸಣೆಗೆಂದು ಅವಳೂ ಕೆಳಗಿಳಿಯಬೇಕಾಗಿ ಬಂತು. ನಿಯಮದಂತೆ ತಾನೂ ಕನ್ನಡಿಯ ಮುಂದೆ ಕೂತಳು. ಯಾವತ್ತಿನಂತೆ ಹಸಿರು. ಕೇಜಿನಲ್ಲಿ ಹತ್ತಾರು ಜನರ ನಡುವೆ ನಿಂತಳು, ಗಂಟೆ ಮೊಳಗಿತು, ಕೇಜು ಇಳಿಯತೊಡಗಿತು. ಮೌನೇಶನ ಕೈಯಲ್ಲಿ ಕೇಜು ನಿಂತದ್ದೇ ತಿಳಿಯುತ್ತಿರಲಿಲ್ಲ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇರುತ್ತಿತ್ತು. ಅವತ್ತು ತಳ ಹತ್ತಿರ ಬಂದರೂ ವೇಗ ತಗ್ಗಲಿಲ್ಲ. ಯಾರೋ ಒಬ್ಬರು ಶಿವನೇ ಎಂದದ್ದು ಕೇಳಿಸಿತು. ಆಮೇಲೆ ಒಮ್ಮೆಲೇ ಬ್ರೇಕು ಬಿತ್ತು, ಕೇಜು ಜಗ್ಗಿ ಮೇಲೆದ್ದು ಕುಕ್ಕರಿಸಿತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಮುದಿ ಫಿಟ್ಟರೊಬ್ಬನ ಮೊಣಕಾಲು ಚಿಪ್ಪು ಒಡೆಯಿತು. ನೀಲಾಂಬಿಕಾಳ ತುಟಿ ಹರಿದು ರಕ್ತ ಬಂತು. ಇನ್ನೊಂದು ಕ್ಷಣ ತಡವಾಗಿದ್ದರೆ ರಕ್ತ ಒರೆಸಿಕೊಳ್ಳಲು ಕೈ ಇರುತ್ತಿರಲಿಲ್ಲ.

ಅವಳು ಮೇಲೆ ಬಂದವಳೇ ವೈಂಡರ್ ಮನೆಗೆ ನುಗ್ಗಿದಳು. ಅವರನ್ನು ಮೇಲೆತ್ತಿದ ಹುಸೇನಪ್ಪ ಇನ್ನೂ ಲಿವರ್ ಹಿಡಿದೇ ಕುಳಿತಿದ್ದ. ಮಗಳ ಮದುವೆಯ ಓಡಾಟ, ಅದರ ಮೇಲೆ ಎರಡು ಪಾಳಿ. ಕಣ್ಣಿಗೆ ನಿದ್ದೆಯೇ ಹತ್ತಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದ.

"ಮತ್ತ ಕನ್ನಡಿ ಮುಂದ ಯಾಕ ಕುಂತಿ?"

"ಕುಂತೆನ್ರಿ. ಹಸಿರು ಅಂತು. ಅಷ್ಟು ದೊಡ್ಡ ಮಷೀನು ನೀ ಚೊಲೋ ಅದಿ ಅಂದಮ್ಯಾಲೆ, ಚೊಲೋನೇ ಇರಬೇಕು ಅನ್ಕೊಂಡೆ."

ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಮನುಷ್ಯನ ಮೇಲಲ್ಲದೆ ಯಂತ್ರದ ಮೇಲೆ ಸಂಶಯ ಬಂತು. ಅಂದೇ ಸುಧನ್ವರಿಗೆ ಫೋನು ಮಾಡಿದಳು.

ಅವರು ಬಂದು ಯಂತ್ರವನ್ನು ಬಿಚ್ಚಿದರು, ಜೋಡಿಸಿದರು. ಯಂತ್ರದಲ್ಲಿ ಐಬಿರಲಿಲ್ಲ. ಆಮೇಲೆ ಎಲ್ಲರ ಮೂಲಗೆರೆಗಳನ್ನೂ ಒಂದೇ ಪರದೆಯ ಮೇಲೆ ಹಾಕಿದರು. ಮುನ್ನೂರು ಚಿಲ್ಲರೆ ಗೆರೆಗಳು ಕೆಳಗೆ ಒತ್ತೊತ್ತಾಗಿ ಹರಿದಿದ್ದವು. ಒಂದೇ ಒಂದು ಗೆರೆ ಬಹಳ ಮೇಲೆ, ಒಂಟಿಯಾಗಿತ್ತು. ಅದು ಮೌನೇಶನದು.

ಸುಧನ್ವರ ಮುಖ ಅರಳಿತು. ಇದು ಸಹಜವಾದ ಎಚ್ಚರವೇ ಅಲ್ಲ, ಮೂಲಗೆರೆ ಬರೆಸುವ ದಿನ ಇವನು ಚುರುಕು ಹೆಚ್ಚಿಸುವ ಗುಳಿಗೆ ಏನೋ ನುಂಗಿ ಬಂದಿರಬೇಕು ಎಂದರು. "ಎಲ್ಲರೂ ಒಂದು ಕಡೆ, ಒಬ್ಬ ಇನ್ನೊಂದು ಕಡೆ. ತಪ್ಪು ಎಲ್ಲಿದೆ ಅಂತ ನೀವೇ ಹೇಳಿ ಮೇಡಂ."

ಹುಸೇನಪ್ಪನ ಹಸಿರು ದೀಪಕ್ಕೆ ಇದರಲ್ಲಿ ಉತ್ತರವಿಲ್ಲ ಎಂಬುದು ಅವಳ ತಲೆಯ ಒಂದು ಮೂಲೆಯಲ್ಲಿ ಕೊರೆಯುತ್ತಲೇ ಇತ್ತು. ಆದರೂ ಕೊನೆಗೆ ಕಳ್ಳ ಸಿಕ್ಕ ಎಂಬ ಹುರುಪು ಅದಕ್ಕಿಂತ ದೊಡ್ಡದು. ಮಧ್ಯಾಹ್ನವೇ ಅವಳು ಮೌನೇಶನ ಮನೆಗೆ ಹೋದಳು.

ಅವನು ಅಂಗಳದಲ್ಲಿ ಅವ್ವನ ಪಕ್ಕ ಕುಳಿತು ಅವಳಿಗೆ ಗಂಜಿ ಕುಡಿಸುತ್ತಿದ್ದ. ಆ ಮುದುಕಿಗೆ ಬೇಸಿಗೆಯ ಕೊನೆಯಲ್ಲಿ ಲಕ್ವ ಹೊಡೆದಿತ್ತಂತೆ. ಕೆಲವು ರಾತ್ರಿ ಉಸಿರು ಕಟ್ಟುವುದು, ಆಗ ಬೆಳಗಾಗುವ ತನಕ ಅವಳನ್ನು ಎದೆಗೆ ಒರಗಿಸಿಕೊಂಡು ಕೂರಬೇಕಾಗುತ್ತಿತ್ತಂತೆ. ಇದನ್ನೆಲ್ಲ ಅವನ ಹೆಂಡತಿ ಹೇಳಿದಳು. ನೀಲಾಂಬಿಕಾ ಕೇಳಿಸಿಕೊಂಡಳು, ಆದರೆ ತಾನು ಬಂದ ಕೆಲಸ ಬಿಡಲಿಲ್ಲ. ಮೂಲಗೆರೆ ಬರೆಸಿದ ದಿನ ಏನು ನುಂಗಿ ಬಂದಿದ್ದಿರಿ ಎಂದು ಮೌನೇಶನನ್ನು ಕೇಳಿದಳು.

ಅವನು ಬಟ್ಟಲನ್ನು ಕೆಳಗಿಟ್ಟ.

"ಏನೂ ನುಂಗಿಲ್ರಿ. ಹಿಂದಿನ ರಾತ್ರಿ ಶಿವರಾತ್ರಿ ಇತ್ತಲ್ರಿ. ಊರಿಗೆ ಊರೇ ಗುಡ್ಡದ ಮಠದಾಗ ಇತ್ತು. ನಾ ಒಬ್ಬಾಂವ ಬಾಗಿಲಾ ಹಾಕ್ಕೊಂಡು ಮಲಗಿದ್ದೆ. ನಾಳಿ ಪರೀಕ್ಷಾ ಅದ ಅಂತ ಅಂಜಿಕಿರಿ, ಒಮ್ಮಿ ಸುಟ್ಟುಕೊಂಡಾಂವ ನಾ. ಹುಟ್ಟಿದಾಗಿಂದ ಪ್ರಸಾದ ಬ್ಯಾಡ ಅಂದಾಂವಲ್ಲ. ಅವತ್ತ ಬ್ಯಾಡಂದೆ. ನಮ್ಮವ್ವ ವಾರಗಟ್ಟಲೆ ನನ್ನ ಕೂಡ ಮಾತಾಡಲಿಲ್ರಿ."

ನೀಲಾಂಬಿಕಾ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಳು.

ಗುಡ್ಡದ ಮಠದ ಶಿವರಾತ್ರಿ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಭಜನೆ, ಜಾಗರಣೆ. ಬೆಳಗಿನ ಜಾವ ಬಾದಾಮಿ ಗಸಗಸೆ ಅರೆದು ಭಂಗಿ ಬೆರೆಸಿದ ಹಾಲಿನ ಪ್ರಸಾದ. ಭಂಗಿ ಎಂದರೆ ಅದೇ ಗಾಂಜಾ ಗಿಡದ ಎಲೆ. ಬಡವ ಬಲ್ಲಿದ ಎನ್ನದೆ ಎಲ್ಲರೂ ಬೊಗಸೆಯೊಡ್ಡುತ್ತಾರೆ. ಗಣಿಗೆ ರಿಪೇರಿಯ ರಜೆ ಇದ್ದುದರಿಂದ ಆ ವರ್ಷ ಒಬ್ಬರೂ ತಪ್ಪಿಸಿರಲಿಲ್ಲ. ಕಣ್ಣು ಕೆಂಪಗೆ, ಮೈ ಹಗುರಾಗಿ, ಗುಡ್ಡ ಇಳಿದು ನೇರ ಗಣಿಯ ಬಾಗಿಲಿಗೇ ಬಂದು ಕನ್ನಡಿಯ ಮುಂದೆ ಕೂತಿದ್ದರು. ಮಾದಕ ವಸ್ತು ಸೇವಿಸಿದ್ದೀರಾ ಎಂದು ಕೇಳಿದರೆ ಇಲ್ಲ ಎಂದರು. ಅದರಲ್ಲಿ ಸುಳ್ಳೇನು? ಗಾಂಜಾ ಎಂದರೆ ಸಂತೆಯ ಹಿಂದೆ ಕದ್ದು ಮಾರುವ ಸರಕು. ಇದು ದೇವರ ಪ್ರಸಾದ. ಅದನ್ನು ನಶೆ ಎಂದರೆ ನಾಲಿಗೆ ಬಿದ್ದುಹೋದೀತು ಎಂದು ನಂಬಿದ ಜನ ಅವರು. ಕೇಳಿದ ಮೈಸೂರಿನ ಡಾಕ್ಟರರಿಗೆ ಈ ಸಂಗತಿ ಗೊತ್ತಿರಲಿಲ್ಲ, ಉತ್ತರ ಕೊಟ್ಟವರಿಗೆ ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಅವರ ಸಹಜ ಸ್ಥಿತಿ ಎಂದು ಯಂತ್ರ ನಂಬಿದ್ದು ಆ ಮುಂಜಾನೆಯ ತೂಕಡಿಕೆಯನ್ನು. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಮನುಷ್ಯ ಮೂರ್ಛೆ ಹೋಗಬೇಕು. ಹಾಗಾಗಿ ಹುಸೇನಪ್ಪ ಎಂಥ ನಿದ್ದೆಗಣ್ಣಿನಲ್ಲಿ ಬಂದರೂ ಹಸಿರು. ಇಡೀ ಗಣಿಯಲ್ಲಿ ಸರಿಯಾಗಿ ನಿದ್ದೆ ಮಾಡಿ, ಏನನ್ನೂ ಮುಟ್ಟದೆ ಬಂದು ಕೂತವನು ಒಬ್ಬನೇ. ಗಾಂಜಾ ಸೇದಿದ್ದಕ್ಕೆ ಶಿಕ್ಷೆಯಾಗಿದ್ದವನು. ಕನ್ನಡಿ ನಿಜ ಹೇಳುತ್ತಿದ್ದುದು ಅವನೊಬ್ಬನ ವಿಷಯದಲ್ಲಿ ಮಾತ್ರ.

ಇನ್ನೂ ಒಂದು ಸಂಗತಿ ಅವಳಿಗೆ ನಿಧಾನವಾಗಿ ನೆನಪಿಗೆ ಬಂತು. ಆ ಪ್ರಸಾದವನ್ನು ಅವಳೂ ತೆಗೆದುಕೊಂಡಿದ್ದಳು. ಅವಳೂ ಇಲ್ಲ ಎಂದಿದ್ದಳು. ಇಷ್ಟು ದಿನ ಊರನ್ನೆಲ್ಲ ಸಂಶಯದಿಂದ ನೋಡಿದ ಆ ಕಣ್ಣುಗಳ ಮೂಲಗೆರೆಯೂ ಪರದೆಯ ಕೆಳಗಿನ ಗುಂಪಿನಲ್ಲೇ ಇತ್ತು.

ಮರುದಿನ ಜನರಲ್ ಮ್ಯಾನೇಜರ್ ಮಳಗಿ ಸಾಹೇಬರ ಕೋಣೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಸಾಹೇಬರು ಗಾಬರಿಯಾಗಲಿಲ್ಲ, ಸಿಟ್ಟಾಗಲಿಲ್ಲ. ಎಲ್ಲರ ಮೂಲಗೆರೆ ಬದಲಿಸಿದರೆ ನಾಳೆಯಿಂದ ಎಷ್ಟು ಜನಕ್ಕೆ ಕೆಂಪು ಬರಬಹುದು ಎಂದು ಸುಧನ್ವರನ್ನು ಕೇಳಿದರು. ಈಗಿನ ಪಾಳಿಗಳ ಲೆಕ್ಕದಲ್ಲಿ ಮುಕ್ಕಾಲು ಪಾಲು ಜನಕ್ಕೆ ಬರಬಹುದು ಎಂದು ಅವರು ತಡವರಿಸಿದರು. ಹಾಗಾದರೆ ಮುನ್ನೂರು ಗೆರೆ ತಿದ್ದುವ ಬದಲು ಒಂದೇ ಗೆರೆ ತಿದ್ದಿ ಎಂದರು ಸಾಹೇಬರು. ಮೌನೇಶನಿಗೂ ಆ ಹಾಲು ಕುಡಿಸಿ, ಒಂದು ರಾತ್ರಿ ನಿದ್ದೆಗೆಡಿಸಿ, ಮೂಲಗೆರೆ ಹೊಸದಾಗಿ ಬರೆಸುವುದು. ಅವನ ಗೆರೆ ಎಲ್ಲರ ಗೆರೆಗೆ ಬಂದು ಸೇರುತ್ತದೆ, ಅವನ ಕೆಲಸ ಉಳಿಯುತ್ತದೆ, ವಿಚಾರಣೆಯೂ ಬೇಡ. ಒಪ್ಪದಿದ್ದರೆ ಸೋಮವಾರದ ವಿಚಾರಣೆ ಇದ್ದೇ ಇದೆ. ಹುಸೇನಪ್ಪನ ಅಪಘಾತವನ್ನು ಬ್ರೇಕಿನ ದೋಷ ಎಂದು ಬರೆದುಕೊಳ್ಳಿ ಎಂದೂ ಹೇಳಿದರು. ಸುಧನ್ವ ಕನ್ನಡಕ ಒರೆಸುತ್ತ, ಅಂಕಿಸಂಖ್ಯೆಯ ದೃಷ್ಟಿಯಿಂದ ಅಡ್ಡಿಯಿಲ್ಲ ಎಂದರು.

ಗಾಂಜಾ ಹುಡುಕಿ ಅವನ ಬುತ್ತಿ ಕೆದಕಿದವಳೇ ಈಗ ಮುಚ್ಚಳ ಬಿಗಿದ ಸ್ಟೀಲಿನ ತಂಬಿಗೆಯಲ್ಲಿ ಮಠದಿಂದ ತರಿಸಿದ ಭಂಗಿ ಹಾಲು ಹಿಡಿದು ಅವನ ಮನೆಗೆ ನಡೆದಳು. ದಾರಿಯಲ್ಲಿ ಎದುರಾದವರೆಲ್ಲ ತಂಬಿಗೆಯನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಹಾಗೆ ಅನ್ನಿಸುವುದು ಹೇಗಿರುತ್ತದೆ ಎಂದು ಅವಳಿಗೆ ಅವತ್ತೇ ತಿಳಿದದ್ದು.

ಸಾಹೇಬರ ಮಾತನ್ನು ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಮೌನೇಶ ತಂಬಿಗೆಯ ಮುಚ್ಚಳ ತೆಗೆದು ಮೂಸಿದ. ಒಳಗೆ ಅವ್ವ ನರಳುತ್ತಿದ್ದಳು. ಬಾಗಿಲಲ್ಲಿ ನಿಂತ ಹೆಂಡತಿ, ಕುಡಿದುಬಿಡಿ ಎಂಬಂತೆ ಅವನನ್ನು ನೋಡುತ್ತಿದ್ದಳು. ಅವನು ಕುಡಿಯಬೇಕೆಂದು ನೀಲಾಂಬಿಕಾಳೂ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದಳು, ಕುಡಿದರೆ ಅವಳ ಮೇಲಿನ ಭಾರವೂ ಇಳಿಯುತ್ತಿತ್ತು.

"ಆವಾಗ ಸೇದಿದೀ ಅಂತ ಮನಿಗಿ ಕಳಸಿದ್ರಿ," ಎಂದ ಅವನು ಕೊನೆಗೆ. "ಈಗ ಕುಡದಿಲ್ಲಂತ ಕಳಸ್ತೀರಿ. ಇರಲಿ ಬಿಡ್ರಿ. ಒಂದು ಮಾತು ಹೇಳ್ತೀನಿ ಮೇಡಂ. ಆ ಮೂರು ದಿನ ಕನ್ನಡಿ ಸುಳ್ಳು ಹೇಳಿಲ್ರಿ. ಅವ್ವನ ಸಲುವಾಗಿ ನಿದ್ದಿಗೆಟ್ಟಿದ್ದೆ, ಕಣ್ಣಿಗಿ ಮಂಜು ಬಂದಂಗ ಆಗಿತ್ತು. ಆದ್ರೂ ಹೋಗಿ ಕುಂತೆ. ಲಿವರ್ ಹಿಡಿಯೋ ಆಸೆ. ಅದು ಬ್ಯಾಡ ಅಂತು. ಇದನ್ನ ಕುಡದು ಗೆರಿ ಬರಸಿದ್ರ, ಮುಂದ ನಾ ತೂಕಡಿಸಿದ ದಿನ ನನಗ ಬ್ಯಾಡ ಅನ್ನೋರು ಯಾರದಾರ್ರಿ? ಅವತ್ತ ಕೇಜಿನ್ಯಾಗ ನೀವು ನಿಂದರ್ತೀರೇನು?"

ಅವಳ ಹರಿದ ತುಟಿ ಇನ್ನೂ ಮಾಯ್ದಿರಲಿಲ್ಲ. ಅವನು ಮುಚ್ಚಳ ಬಿಗಿದು ತಂಬಿಗೆಯನ್ನು ಅವಳ ಕೈಗೆ ವಾಪಸು ಕೊಟ್ಟ. ಪ್ರಸಾದವನ್ನು ಚೆಲ್ಲಬಾರದು, ಮಠಕ್ಕೆ ಮುಟ್ಟಿಸಿಬಿಡಿ ಎಂದ.

"ಬರ್ತೀನಿ ಮೌನೇಶಣ್ಣ," ಎಂದು ಎದ್ದಳು ಅವಳು. ಅವನನ್ನು ಅಣ್ಣಾ ಎಂದದ್ದು ಬೀದಿಗೆ ಬಂದ ಮೇಲೆ ಅವಳ ಗಮನಕ್ಕೆ ಬಂತು.

ಎಚ್ಚರಗನ್ನಡಿಯ ಒಪ್ಪಂದದಲ್ಲಿ ಕಾರ್ಮಿಕ ಸಂಘ ಸೇರಿಸಿದ್ದ ನಿಯಮವೊಂದಿತ್ತು. ಯಾರು ಬೇಕಾದರೂ ತಮ್ಮ ಮೂಲಗೆರೆಯನ್ನು ವಾರದ ರಜೆಯ ದಿನ ಹೊಸದಾಗಿ ಬರೆಸಿಕೊಳ್ಳಬಹುದು. ವಿಚಾರಣೆ ಎದುರಿಸುತ್ತಿರುವವನಿಗೆ ಮಾತ್ರ ಸಾಹೇಬರ ಅಪ್ಪಣೆ ಬೇಕು. ಹಸಿರು ದೀಪ ತಾನಾಗಿ ಬರುತ್ತಿರುವಾಗ ಯಾರು ತಾನೇ ಈ ಉಸಾಬರಿಗೆ ಹೋದಾರು? ಇದುವರೆಗೆ ಯಾರೂ ಹೋಗಿರಲಿಲ್ಲ. ನೀಲಾಂಬಿಕಾ ಆ ವಾರ ಎರಡು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದಳು, ಭಾನುವಾರ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಹೋಗಿ ತನ್ನ ಗೆರೆಯನ್ನು ಬರೆಸಿಕೊಂಡಳು. ಅಲ್ಲಿ ಹುಸೇನಪ್ಪ ಅವಳಿಗಿಂತ ಮೊದಲೇ ಬಂದು ನಿಂತಿದ್ದ. ಮುದಿ ಫಿಟ್ಟರನ ಮೊಣಕಾಲು ಅವನನ್ನು ಮಲಗಲು ಬಿಟ್ಟಿರಲಿಲ್ಲವಂತೆ. ಕೊನೆಗೆ ಆಸ್ಪತ್ರೆಗೆ ಹೋಗಿ ಅವನ ಕಾಲು ಹಿಡಿದು ಅತ್ತು ಬಂದ ಮೇಲೆ ಎರಡು ರಾತ್ರಿ ಸತ್ತವರ ಹಾಗೆ ನಿದ್ದೆ ಮಾಡಿದನಂತೆ. ಅವನ ಹಿಂದೆ ಅವತ್ತು ಕೇಜಿನಲ್ಲಿದ್ದವರು ನಿಂತಿದ್ದರು. ಅವರ ಹಿಂದೆ, ಶಿವರಾತ್ರಿಯ ಸಂಗತಿಯನ್ನು ಚಹಾದಂಗಡಿಯಲ್ಲಿ ಕೇಳಿದವರು. ಸಾಲು ಗೇಟಿನ ಹೊರಗೂ ಹೋಗಿತ್ತು. ತಮ್ಮ ಜೀವ ಯಾರ ಕೈಯಲ್ಲಿ ತೂಗುತ್ತದೋ ಅವನ ಗೆರೆ ಸರಿಯಿರಬೇಕು ಎನ್ನುವುದು ಅವರ ಒತ್ತಾಯ. ಅವನದನ್ನು ಕೇಳುವ ಮೊದಲು ತಮ್ಮದನ್ನು ಸರಿಮಾಡಿಕೊಳ್ಳಬೇಕಲ್ಲ ಎಂದು ಬಂದಿದ್ದರು.

ಭಾನುವಾರ ರಾತ್ರಿ ನೀಲಾಂಬಿಕಾಗೆ ಒಂದು ನಿಮಿಷವೂ ನಿದ್ದೆ ಬರಲಿಲ್ಲ. ಮೌನೇಶನ ವಿಚಾರಣೆಯಲ್ಲಿ ಸಾಹೇಬರ ಎದುರು ಏನು ಹೇಳಬೇಕೆಂದು ಯೋಚಿಸುತ್ತ ಹೊರಳಾಡಿದಳು. ಬೆಳಿಗ್ಗೆ ಗೇಟಿಗೆ ಬಂದು ಎಲ್ಲರಿಗಿಂತ ಮೊದಲು ಕನ್ನಡಿಯ ಮುಂದೆ ಕೂತಳು. ಚುಕ್ಕೆ ಓಡಿತು. ಅವಳ ಕಣ್ಣು ಹಿಂದೆ ಬಿತ್ತು.

ಕೆಂಪು.

ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ಬೆನ್ನಿಗೆ ತಾಗಿದ್ದು ಅವಳಿಗೆ ತಿಳಿಯಿತು. ನಾ ಏನೂ ಮುಟ್ಟಿಲ್ಲ ಎಂದು ಹೇಳಬೇಕೆಂದು ಬಾಯಿಗೆ ಬಂತು. ಯಾರ ಮಾತದು ಎಂದು ನೆನಪಾಗಿ ನುಂಗಿಕೊಂಡಳು. ಎದ್ದು ಹೋಗಿ ಕಬ್ಬಿಣದ ಬೆಂಚಿನ ಮೇಲೆ ಕುಳಿತಳು. ಅದು ಇಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಹುಸೇನಪ್ಪ ಕೂತ. ಮಗಳನ್ನು ಗಂಡನ ಮನೆಗೆ ಕಳಿಸಿ ಅದೇ ನಸುಕಿನಲ್ಲಿ ಬಂದಿದ್ದ. ಕೆಂಪು. ಅವನು ಬಂದು, ಸ್ವಲ್ಪ ಸರೀರಿ ಮೇಡಂ ಎಂದು ಪಕ್ಕದಲ್ಲಿ ಕುಳಿತ. ರಾತ್ರಿ ಪಾಳಿ ಮುಗಿಸಿ ಮತ್ತೆ ಬೆಳಗಿನ ಪಾಳಿಗೆ ನಿಂತಿದ್ದ, ಬಂಡೆ ಸಿಡಿಸುವ ಮದ್ದಿನ ಮೇಸ್ತ್ರಿಗೆ ಕೆಂಪು. ಜ್ವರದ ಮಗುವನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಪಂಪಿನವಳಿಗೆ ಕೆಂಪು. ಬೆಂಚು ತುಂಬಿತು. ಆಮೇಲಿನವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು, ಅವರಲ್ಲಿ ಇಬ್ಬರು ಕೂತಲ್ಲೇ ನಿದ್ದೆ ಹೋದರು. ಒಬ್ಬರೂ ಗಾಂಜಾ ಮುಟ್ಟಿರಲಿಲ್ಲ. ಮಳಗಿ ಸಾಹೇಬರು ಓಡಿ ಬಂದು ಯಂತ್ರ ಕೆಟ್ಟುಹೋಗಿದೆ ಎಂದು ಕೂಗಾಡಿದರು. ಊರಿಗೆ ಹೊರಟು ನಿಂತಿದ್ದ ಸುಧನ್ವ ಬಾಗಿಲಲ್ಲಿ ಬ್ಯಾಗು ಹಿಡಿದು ಆ ಬೆಂಚನ್ನು ಬಹಳ ಹೊತ್ತು ನೋಡಿದರು. ಇಲ್ಲ ಸಾರ್, ಇವತ್ತೇ ಅದು ಸರಿಯಾಗಿರೋದು ಎಂದು ಮೆಲ್ಲಗೆ ಹೇಳಿದರು.

ವಿಚಾರಣೆಗೆಂದು ಮೌನೇಶ ಬಂದದ್ದು ಆ ಹೊತ್ತಿಗೆ. ಒಗೆದ ಅಂಗಿ ತೊಟ್ಟಿದ್ದ. ಕೆಲಸವಿಲ್ಲದೆ ಮನೆಯಲ್ಲಿದ್ದ ಈ ದಿನಗಳಲ್ಲಿ ಹೆಂಡತಿಯೂ ಅವನೂ ಸರದಿಯ ಮೇಲೆ ಅವ್ವನನ್ನು ನೋಡಿಕೊಂಡಿದ್ದರು, ನಿದ್ದೆ ತುಂಬ ಆಗಿತ್ತು. ವಿಚಾರಣೆಗೆ ಮೊದಲು ಕೊನೆಯದಾಗಿ ಒಮ್ಮೆ ಕನ್ನಡಿಯ ಮುಂದೆ ಕೂರಬೇಕೆಂಬ ನಿಯಮವಿತ್ತು. ಕೂತ. ಚುಕ್ಕೆ ಓಡಿತು, ಅವನ ಕಣ್ಣು ಅದರ ಜೊತೆಯಲ್ಲೇ ಓಡಿತು.

ಅಂದು ಹೊನ್ನಗುಂಡಿಯ ವೈಂಡರ್ ಮನೆಗೆ ಹೋಗಬಹುದಾದ ಡ್ರೈವರ್ ಅವನೊಬ್ಬನೇ. ಅವನು ಇಳಿಸಬೇಕಾದ ಜನರಲ್ಲಿ ಹಸಿರು ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಆದರೆ ಮೌನೇಶ ಹತ್ತಿಕೊಂಡ ಹಸಿರು ದೀಪದ ಕಡೆ ನೋಡಲೇ ಇಲ್ಲ. ರೂಢಿಯಂತೆ ತಲೆ ತಗ್ಗಿಸಿ, ನೇರ ಕಬ್ಬಿಣದ ಬೆಂಚಿನ ಬಳಿಗೆ ಹೋಗಿ, ಅಲ್ಲಿ ಕೂತವರನ್ನು ಕಂಡು ಕಕ್ಕಾಬಿಕ್ಕಿಯಾಗಿ ನಿಂತ. ಅವನಿಗೆ ಕೂರಲು ಅಲ್ಲಿ ಜಾಗವಿರಲಿಲ್ಲ.